ಲೀವ್ ಅಂದರೆ ರಜೆಯೋ, ಬಿಡುವುದೋ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ಪದ 'ಲೀವ್'. ನೌನ್ (ನಾಮಪದ) ಆಗಿ ಹೇಗೆ, ವರ್ಬ್ (ಕ್ರಿಯಾಪದ) ಆಗಿ ಹೇಗೆ ಅಂತ ಬಹಳ ಜನ ಕೇಳಿದ್ದಿರಿ. ಬಳ್ಳಾರಿಯ ಇಂಗ್ಲಿಷ್ ಉಪನ್ಯಾಸಕಿ ಮೇಡಂ ಉತ್ತರ ಕೊಡುತ್ತಾರೆ. ಇಂಗ್ಲಿಷ್ ವಾಕ್ಯವನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ಕೇಳುವ ಮುಂಚೆ ಮೇಲಿನದನ್ನು ಒಮ್ಮೆ ಓದಿ.

ಪದವಿ ವಿದ್ಯಾರ್ಥಿನಿ, ರಾಯಚೂರು: ಮೇಡಂ, 'ಐ ಆ್ಯಮ್ ಲೀವ್ ಟುಡೇ' ಸರಿನಾ? ನಮ್ಮ ಕ್ಲಾಸ್ ಗ್ರೂಪಿನಲ್ಲಿ ಎಲ್ಲರೂ ಹಾಗೇ ಹಾಕುತ್ತಾರೆ.

ಉಪನ್ಯಾಸಕಿ: ತಪ್ಪು. 'ಐ ಆ್ಯಮ್ ಆನ್ ಲೀವ್ ಟುಡೇ' ಅನ್ನಬೇಕು. ಇಲ್ಲಿ ಲೀವ್ ನೌನ್, ರಜೆ ಅಂತ ಅರ್ಥ. ನೀವು ಬರೆದದ್ದನ್ನು ಹಾಗೇ ಓದಿದರೆ 'ನಾನೇ ರಜೆ' ಅಂತಾಗುತ್ತದೆ. ಆ 'ಆನ್' ಬಿಡಬೇಡಿ.

ಬ್ಯಾಂಕ್ ಉದ್ಯೋಗಿ, ಕೊಪ್ಪಳ: ಟೂ ಡೇಸ್ ಲೀವ್ ಅನ್ನಬೇಕಾ, ಟೂ ಡೇಸ್ ಲೀವ್ಸ್ ಅನ್ನಬೇಕಾ? ನಮ್ಮ ಆಫೀಸಿನಲ್ಲಿ ಎರಡೂ ನಡೆಯುತ್ತದೆ.

ಉಪನ್ಯಾಸಕಿ: 'ಟೂ ಡೇಸ್ ಲೀವ್'. ಬರೆಯುವಾಗ ಡೇಸ್‌ನ ಕೊನೆಯ ಎಸ್ ಆದ ಮೇಲೆ ಅಪಾಸ್ಟ್ರಫಿ (’) ಗುರುತು ಹಾಕಿ. ಅದರ ಗೊಂದಲವೇ ಬೇಡ ಅಂದರೆ 'ಲೀವ್ ಫಾರ್ ಟೂ ಡೇಸ್' ಅಂತ ಬರೆಯಿರಿ. ಎಷ್ಟು ದಿನ ರಜೆ ಹಾಕಿದರೂ ಲೀವ್ ಲೀವೇ. ಎಣಿಸುವುದು ದಿನಗಳನ್ನು. 'ಕ್ಯಾಷುವಲ್ ಲೀವ್ಸ್' ಅಂತ ಆಫೀಸುಗಳಲ್ಲಿ ಮಾತಿಗೆ ಹೇಳುತ್ತಾರೆ, ಅರ್ಥವೂ ಆಗುತ್ತದೆ. ಪತ್ರದಲ್ಲಿ ಬೇಡ. 1948ರ ಕಾರ್ಖಾನೆ ಕಾಯ್ದೆಯಲ್ಲಿ ರಜೆಯ ಅಧ್ಯಾಯದ ಹೆಸರೇ 'ಆ್ಯನುವಲ್ ಲೀವ್ ವಿತ್ ವೇಜಸ್' ಅಂತ ಇತ್ತು. ಅಲ್ಲಿ ಕೂಲಿಗೆ ಎಸ್ ಇತ್ತು, ರಜೆಗೆ ಇರಲಿಲ್ಲ.

ಪ್ರಾಥಮಿಕ ಶಾಲಾ ಶಿಕ್ಷಕ, ಸಿಂಧನೂರು: ಮೇಡಂ, ಒಂದು ಫಾರ್ವರ್ಡ್ ಬಂದಿದೆ. 'ಲೀವ್ ಪದದ ಮುಂದೆ ಫಾರ್ ಬಂದರೆ ಅದು ನೌನ್. ಫಾರ್ ಇಲ್ಲದಿದ್ದರೆ ವರ್ಬ್. ಇಷ್ಟು ನೆನಪಿಟ್ಟರೆ ಸಾಕು, ಜೀವನದಲ್ಲಿ ತಪ್ಪಾಗುವುದಿಲ್ಲ' ಅಂತ. ಮಕ್ಕಳಿಗೆ ಹೇಳಿಕೊಡಲಾ?

ಉಪನ್ಯಾಸಕಿ: ದಯವಿಟ್ಟು ಹೇಳಿಕೊಡಬೇಡಿ. 'ಹಂಪಿ ಎಕ್ಸ್‌ಪ್ರೆಸ್ ಲೀವ್ಸ್ ಬಳ್ಳಾರಿ ಫಾರ್ ಹೊಸಪೇಟೆ.' ಇಲ್ಲಿ ಫಾರ್ ಇದೆ, ಆದರೂ ಲೀವ್ಸ್ ವರ್ಬ್. 'ಶಿ ಈಸ್ ಆನ್ ಲೀವ್.' ಇಲ್ಲಿ ಫಾರ್ ಇಲ್ಲ, ಆದರೂ ಲೀವ್ ನೌನ್. ಎರಡು ವಾಕ್ಯಕ್ಕೇ ಬಿದ್ದುಹೋಗುವ ನಿಯಮ ಅದು. ಇಂಥ ಫಾರ್ವರ್ಡ್ ಒಂದು ಸಲ ಮಗುವಿನ ತಲೆಯಲ್ಲಿ ಕೂತರೆ ತೆಗೆಯುವುದಕ್ಕೆ ವರ್ಷ ಬೇಕು.

ಒಂದು ವ್ಯತ್ಯಾಸ ಮಾತ್ರ ಹೇಳಿಕೊಡಿ. 'ಲೀವ್ ಬಳ್ಳಾರಿ' ಅಂದರೆ ಬಳ್ಳಾರಿಯಿಂದ ಹೊರಡು. 'ಲೀವ್ ಫಾರ್ ಬಳ್ಳಾರಿ' ಅಂದರೆ ಬಳ್ಳಾರಿಗೆ ಹೊರಡು. ದಿಕ್ಕೇ ಬದಲು.

ಕಿರಾಣಿ ಅಂಗಡಿ, ಗಂಗಾವತಿ: ಲೀವ್‌ಗೆ ಪಾಸ್ಟ್ ಟೆನ್ಸ್ ಲೀವ್ಡ್ ಅಲ್ವಾ?

ಉಪನ್ಯಾಸಕಿ: ಅಲ್ಲ. ಲೆಫ್ಟ್.

ಗೃಹಿಣಿ, ಕಂಪ್ಲಿ: ಮೇಡಂ, ಮಗನ ಡೈರಿಯಲ್ಲಿ 'ಪ್ಲೀಸ್ ಲೀವ್ ಮೈ ಸನ್ ಅಟ್ ತ್ರೀ' ಅಂತ ಬರೆದೆ. ಮೂರು ಗಂಟೆಗೆ ಬಿಡಿ ಅಂತ. ಟೀಚರ್ ಕೆಂಪು ಗೆರೆ ಎಳೆದು ಕಳಿಸಿದ್ದಾರೆ. ಏನು ತಪ್ಪು ಅಂತ ಹೇಳಲೇ ಇಲ್ಲ.

ಉಪನ್ಯಾಸಕಿ: ಒಳ್ಳೆಯ ಪ್ರಶ್ನೆ ಅಕ್ಕ. ಬರೀ ಗೆರೆ ಎಳೆದು ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತೊಂದರೆ ಇರುವುದು ನಮ್ಮ 'ಬಿಡು'ವಿನಲ್ಲಿ. ಕನ್ನಡದಲ್ಲಿ ಒಂದು ಬಿಡು ಹತ್ತು ಕೆಲಸ ಮಾಡುತ್ತದೆ. ಇಂಗ್ಲಿಷಿನ ಲೀವ್ ಅಷ್ಟೆಲ್ಲ ಮಾಡುವುದಿಲ್ಲ. ಲೀವ್ ಅಂದರೆ ಇದ್ದಲ್ಲೇ ಬಿಟ್ಟು ನಾವು ಹೋಗುವುದು. ಹಾಗಾಗಿ ನಿಮ್ಮ ವಾಕ್ಯಕ್ಕೆ ಮಗನನ್ನು ಮೂರಕ್ಕೆ ಅಲ್ಲೇ ಬಿಟ್ಟು ಹೋಗಿ ಅನ್ನುವ ಅರ್ಥ ಬಂತು. 'ಪ್ಲೀಸ್ ಲೆಟ್ ಮೈ ಸನ್ ಗೋ ಅಟ್ ತ್ರೀ' ಅಂತ ಬರೆಯಿರಿ. ಹೋಗಲು ಬಿಡುವುದಕ್ಕೆ ಲೆಟ್.

ಬಸ್ ಸ್ಟ್ಯಾಂಡಿಗೆ ಬಿಟ್ಟು ಬಾ ಅನ್ನುವಾಗ ಡ್ರಾಪ್. ಕೆಟ್ಟ ಅಭ್ಯಾಸ ಬಿಡುವುದಕ್ಕೆ ಗಿವ್ ಅಪ್. ಬಸ್ ಬಿಟ್ಟಿತು ಅನ್ನುವುದಕ್ಕೆ ಮಾತ್ರ 'ದ ಬಸ್ ಲೆಫ್ಟ್' ಸರಿ ಹೋಗುತ್ತದೆ.

ರೈತ, ಸಿಂಧನೂರು ತಾಲ್ಲೂಕು: ಹಾಗಾದರೆ ಎಡದಂಡೆ ಕಾಲುವೆಗೆ ನೀರು ಬಿಡಿ ಅನ್ನುವುದಕ್ಕೆ? ನಮ್ಮ ಹುಡುಗರು ಮನವಿಯಲ್ಲಿ 'ಲೀವ್ ದ ವಾಟರ್' ಅಂತ ಬರೆದಿದ್ದಾರೆ.

ಉಪನ್ಯಾಸಕಿ: ಕೊಡುವ ಮುಂಚೆ ತಿದ್ದಿಸಿ. 'ಲೀವ್ ದ ವಾಟರ್' ಅಂದರೆ ನೀರು ಇದ್ದಲ್ಲೇ ಇರಲಿ, ಮುಟ್ಟಬೇಡಿ ಅಂತ. ನಿಮಗೆ ಬೇಕಾದದ್ದರ ಉಲ್ಟಾ. 'ರಿಲೀಸ್ ವಾಟರ್ ಇನ್‌ಟು ದ ತುಂಗಭದ್ರಾ ಲೆಫ್ಟ್ ಬ್ಯಾಂಕ್ ಕೆನಾಲ್' ಅಂತ ಬರೆಯಿರಿ. ಆ 'ಲೆಫ್ಟ್' ಎಡ ಅನ್ನುವ ಬೇರೆ ಪದ, ಇದರ ಪಾಸ್ಟ್ ಟೆನ್ಸ್ ಅಲ್ಲ.

ಗುಮಾಸ್ತ, ಮಾನ್ವಿ: ಮೇಡಂ, ತ್ರೀ ಡೇಸ್ ಲೀವ್ ಅನ್ನಬೇಕಾ ಲೀವ್ಸ್ ಅನ್ನಬೇಕಾ?

ಉಪನ್ಯಾಸಕಿ: ಲೀವ್. ಮೇಲೆ ಹೇಳಿದ್ದೇನೆ.

ಫಿಟ್ಟರ್, ತೋರಣಗಲ್ಲು: ಮೇಡಂ ನಮಸ್ಕಾರ. ನಂದು ಸ್ವಲ್ಪ ದೊಡ್ಡ ವಿಷಯ. ನಾನು ಒಬ್ಬ ಕಾಂಟ್ರ್ಯಾಕ್ಟರ್ ಹತ್ತಿರ ಕೆಲಸ ಮಾಡುತ್ತೇನೆ. ತಂಗಿ ಮದುವೆ ಇತ್ತು. ಆಫೀಸಿಗೆ ಹೀಗೆ ಮೆಸೇಜ್ ಹಾಕಿದೆ: 'ಸರ್, ಐ ಆ್ಯಮ್ ಲೀವಿಂಗ್ ಫ್ರಮ್ ಮಂಡೇ. ಸಿಸ್ಟರ್ ಮ್ಯಾರೇಜ್. ಪ್ಲೀಸ್ ಅಪ್ರೂವ್.' ಅವರು ಅಪ್ರೂವ್ಡ್ ಅಂತ ಕಳಿಸಿದರು. ಗುರುವಾರದ ತನಕ ಮದುವೆ ಕೆಲಸ ಮುಗಿಸಿ ಶುಕ್ರವಾರ ಹೋದರೆ ಗೇಟ್ ಪಾಸ್ ನಡೆಯಲಿಲ್ಲ. ನೀನೇ ಕೆಲಸ ಬಿಡುತ್ತೇನೆ ಅಂದೆ, ನಾವು ಒಪ್ಪಿದೆವು ಅಂತಾರೆ. ನಾಳೆ ಬಂದು ಲೆಕ್ಕ ಚುಕ್ತಾ ಮಾಡಿ ಸಹಿ ಹಾಕಿ ಹೋಗು ಅಂದಿದ್ದಾರೆ. ನಾನು ಕೇಳಿದ್ದು ರಜೆ. ಏನು ಮಾಡಲಿ?

ಉಪನ್ಯಾಸಕಿ: ಮೊದಲು ಒಂದು ಮಾತು. ನಾಳೆ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಅದರಲ್ಲಿ 'ರಿಸೈನ್' (ರಾಜೀನಾಮೆ) ಅಥವಾ 'ಫುಲ್ ಆ್ಯಂಡ್ ಫೈನಲ್' (ಲೆಕ್ಕ ಪೂರ್ತಿ ಚುಕ್ತಾ) ಅಂತ ಇದ್ದರೆ ಸಹಿ ಬೇಡವೇ ಬೇಡ. ಆಮೇಲೆ ವ್ಯಾಕರಣ ನಿಮ್ಮನ್ನು ಕಾಪಾಡುವುದಿಲ್ಲ.

ಈಗ ಆ ವಾಕ್ಯ. 'ಲೀವಿಂಗ್' ಅಂದ ಕೂಡಲೇ ಅದು ವರ್ಬ್ ಆಯಿತು. ರಜೆ ಅನ್ನುವ ನೌನ್‌ಗೆ ಐಎನ್‌ಜಿ ಅಂಟುವುದೇ ಇಲ್ಲ. 'ಐ ಆ್ಯಮ್ ಲೀವಿಂಗ್ ಫ್ರಮ್ ಮಂಡೇ' ಅಂತ ಒಬ್ಬ ಕೆಲಸಗಾರ ಆಫೀಸಿಗೆ ಬರೆದರೆ, ಆ ಒಂದು ಸಾಲನ್ನು ಮಾತ್ರ ಓದಿದವರಿಗೆ ಸೋಮವಾರದಿಂದ ಕೆಲಸ ಬಿಡುತ್ತಿದ್ದಾನೆ ಅಂತಲೇ ಕಾಣಿಸುತ್ತದೆ. ನೀವು ಬರೆಯಬೇಕಿದ್ದದ್ದು ಇದು: 'ಐ ನೀಡ್ ಲೀವ್ ಫ್ರಮ್ ಮಂಡೇ ಟು ಥರ್ಸ್‌ಡೇ.' ಇದರಲ್ಲಿ ಲೀವ್ ನೌನ್ ಆಗಿದೆ. ಮುಗಿಯುವ ದಿನವೂ ಇದೆ. ಮುಗಿಯುವ ದಿನ ಬರೆದಿದ್ದರೆ ನಿಮ್ಮ ಇಂಗ್ಲಿಷ್ ಎಷ್ಟೇ ತಪ್ಪಿದ್ದರೂ ಯಾರೂ ಅದನ್ನು ರಾಜೀನಾಮೆ ಅನ್ನುತ್ತಿರಲಿಲ್ಲ.

ಆದರೆ ನಿಮ್ಮ ಮೆಸೇಜ್ ಒಂದೇ ಸಾಲಿನದಲ್ಲ. ಮುಂದೆ ತಂಗಿ ಮದುವೆ ಅಂತ ಕಾರಣ ಇದೆ. ತಂಗಿ ಮದುವೆಗೆ ಅಂತ ಯಾರು ಕೆಲಸ ಬಿಡುತ್ತಾರೆ? ಖರ್ಚು ಬರುವ ಹೊತ್ತು ಅದು. ಪೂರ್ತಿ ಓದಿದವರಿಗೆ ಇದು ರಜೆಯ ಮಾತು ಅಂತ ತಿಳಿಯಲೇಬೇಕು. ಇದನ್ನೇ ಪತ್ರದಲ್ಲಿ ಹಿಡಿಯಿರಿ. ಇವತ್ತೇ ಬರೆಯಿರಿ:

'ಐ ಡಿಡ್ ನಾಟ್ ರಿಸೈನ್. ಇನ್ ಮೈ ಮೆಸೇಜ್ ಐ ಆಸ್ಕ್ಡ್ ಫಾರ್ ಲೀವ್ ಫಾರ್ ಮೈ ಸಿಸ್ಟರ್ಸ್ ವೆಡ್ಡಿಂಗ್. ಐ ಕೇಮ್ ಬ್ಯಾಕ್ ಟು ವರ್ಕ್ ಆನ್ ಫ್ರೈಡೇ. ಪ್ಲೀಸ್ ಲೆಟ್ ಮಿ ರೆಸ್ಯೂಮ್ ವರ್ಕ್.'

ನಾಲ್ಕೇ ಸಾಲು. ದೊಡ್ಡ ದೊಡ್ಡ ಪದ ಸೇರಿಸಬೇಡಿ. ಕೆಳಗೆ ಇದನ್ನೇ ಕನ್ನಡದಲ್ಲೂ ಬರೆದು ಸಹಿ ಹಾಕಿ. ಮದುವೆ ಪತ್ರಿಕೆ ಜೊತೆಗಿಡಿ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಫೋನಿಗೂ ಕಳಿಸಿ. ಒಪ್ಪದಿದ್ದರೆ ಬಳ್ಳಾರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಕಾನೂನು ನನ್ನ ವಿಷಯವಲ್ಲ, ಗ್ರೂಪಿನಲ್ಲಿ ವಕೀಲರಿದ್ದಾರೆ, ಅವರೂ ಹೇಳಲಿ.

ವಕೀಲ, ಬಳ್ಳಾರಿ: ಮೇಡಂ ಹೇಳಿದ್ದು ಸರಿ. ರಾಜೀನಾಮೆ ಅಂದರೆ ಕೆಲಸ ಬಿಡುವ ಇರಾದೆ ಸ್ಪಷ್ಟವಾಗಿರಬೇಕು. ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ನನಗೆ ಪರ್ಸನಲ್ ಮೆಸೇಜ್ ಹಾಕಿ.

ಸೂಪರ್‌ವೈಸರ್, ಸಂಡೂರು: ಒಂದು ಮಾತು ಹೇಳಲಾ? ಓದುವವನದು ಏನು ತಪ್ಪು? ಆತ ಬರೆದದ್ದು ಲೀವಿಂಗ್. ನನಗೂ ದಿನಾ ಹತ್ತಾರು ಮೆಸೇಜ್ ಬರುತ್ತವೆ. ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಹುಡುಕುತ್ತಾ ಕೂರಲಾ?

ಉಪನ್ಯಾಸಕಿ: ಮನಸ್ಸು ಹುಡುಕಬೇಡಿ ಸರ್. ಮುಂದಿನ ಎರಡು ಪದ ಓದಿ ಸಾಕು.

ಆಟೋ ಚಾಲಕ, ಬಳ್ಳಾರಿ: ಇಂಗ್ಲಿಷಿನಲ್ಲಿ ಬರೆಯಬೇಕು ಅಂತ ಯಾಕೆ? ಕನ್ನಡ ನೆಲದಲ್ಲಿ ಕೆಲಸ, ಕನ್ನಡದಲ್ಲಿ ರಜೆ ಕೇಳಿದ್ದರೆ ಇದು ಆಗುತ್ತಿತ್ತಾ?

ಸೂಪರ್‌ವೈಸರ್, ಸಂಡೂರು: ಅಣ್ಣಾ, ಆಫೀಸಿನವರು ಹೊರ ರಾಜ್ಯದವರು. ಕನ್ನಡ ಓದಲು ಬರಲ್ಲ. ಹಾಗೆ ಕಳಿಸಿದರೆ ಉತ್ತರವೇ ಬರಲ್ಲ.

ಆಟೋ ಚಾಲಕ, ಬಳ್ಳಾರಿ: ಮತ್ತೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಅಂತ ಸಂವಿಧಾನದಲ್ಲಿ 371 ಜೆ ಯಾಕೆ ತಂದಿದ್ದು? ನಮ್ಮವರಿಗೇ ಕೆಲಸ ಅಂತ ತಾನೇ?

ವಕೀಲ, ಬಳ್ಳಾರಿ: 371 ಜೆ ಸರ್ಕಾರಿ ಕೆಲಸಕ್ಕೆ ಮತ್ತು ಓದಿನ ಸೀಟಿಗೆ. ಖಾಸಗಿ ಕಾಂಟ್ರ್ಯಾಕ್ಟರಿಗೆ ಬರುವುದಿಲ್ಲ.

ಆಟೋ ಚಾಲಕ, ಬಳ್ಳಾರಿ: ಎಲ್ಲದಕ್ಕೂ ಬರುವುದಿಲ್ಲ ಅಂತೀರಿ. ಹಾಗಾದರೆ ಬರೋದು ಯಾವುದಕ್ಕೆ?

ಸೂಪರ್‌ವೈಸರ್, ಸಂಡೂರು: ಸರಿಯಾಗಿ ಓದಿ ಮಾತಾಡಿ. ಸುಮ್ನೆ ಕೂಗಾಡಿದರೆ ಆಗುತ್ತಾ?

ಉಪನ್ಯಾಸಕಿ: ಇಬ್ಬರೂ ನಿಲ್ಲಿಸಿ. ಅವರು ಕನ್ನಡದಲ್ಲಿ ಬರೆಯುವುದು ಅವರ ಹಕ್ಕು, ಅದರ ಜೊತೆ ಇಂಗ್ಲಿಷಿನಲ್ಲೂ ಬರೆದರೆ ಯಾರ ನೆಪವೂ ಉಳಿಯುವುದಿಲ್ಲ. ಅದಕ್ಕೇ ಎರಡರಲ್ಲೂ ಅಂದೆ. ಒಬ್ಬರ ಕೆಲಸ ಹೋಗುವ ಹೊತ್ತಿನಲ್ಲಿ ಈ ಜಗಳ ಬೇಡ.

ಪಿಯು ವಿದ್ಯಾರ್ಥಿ, ಕುಷ್ಟಗಿ: ಪ್ರಾಕ್ಟೀಸ್ ಪದಕ್ಕೆ ಸಿ ಯಾವಾಗ, ಎಸ್ ಯಾವಾಗ ಮೇಡಂ?

ಗೃಹಿಣಿ, ಗಂಗಾವತಿ: ಇಲ್ಲಿ ಒಳ್ಳೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಯಾವುದಿದೆ?

ಎಂಎ ವಿದ್ಯಾರ್ಥಿ, ಬಳ್ಳಾರಿ: ಮೇಡಂ, ರಜೆಗೂ ಬಿಡುವುದಕ್ಕೂ ಒಂದೇ ಪದ ಯಾಕಾಯಿತು? ಕೆಲಸ ಬಿಟ್ಟು ಮನೆಗೆ ಹೋಗುವುದರಿಂದ ರಜೆಗೆ ಲೀವ್ ಅಂತ ಬಂತಾ?

ಉಪನ್ಯಾಸಕಿ: ಹಾಗೆ ಅನ್ನಿಸುತ್ತದೆ, ಆದರೆ ಅಲ್ಲ. ಇವು ಎರಡು ಬೇರೆ ಪದಗಳು. ಹಳೆಯ ಇಂಗ್ಲಿಷಿನಲ್ಲಿ ರೂಪವೂ ಬೇರೆ ಇತ್ತು. ಕಾಲ ಕಳೆದಂತೆ ಉಚ್ಚಾರ ಒಂದಾಯಿತು. ವರ್ಬ್‌ನ ಮೂಲ ಅರ್ಥ ಹಿಂದೆ ಬಿಡುವುದು. ನೌನ್‌ನ ಮೂಲ ಅರ್ಥ ಅನುಮತಿ, ಅಪ್ಪಣೆ. ರಜೆ ಅಂದರೆ ಮೇಲಿನವರು ಕೊಟ್ಟ ಅಪ್ಪಣೆ. ಅದಕ್ಕೇ ಲೀವ್ 'ಗ್ರಾಂಟ್' ಮಾಡುತ್ತಾರೆ. 'ಟೇಕ್ ಲೀವ್ ಆಫ್' ಅಂದರೆ ಬೀಳ್ಕೊಳ್ಳುವುದು. ನಮ್ಮ ಹಿರಿಯರು 'ಅಪ್ಪಣೆ ಕೊಡಿ, ಹೋಗಿ ಬರ್ತೀನಿ' ಅನ್ನುತ್ತಿದ್ದರಲ್ಲ, ಅದೇ ಭಾವ.

ಎಲೆ ಅನ್ನುವ ಲೀಫ್ ಮೂರನೆಯ ಪದ. ಅದರ ಬಹುವಚನ ಲೀವ್ಸ್. ಅದಕ್ಕೇ ರಜೆಗೆ ಎಸ್ ಹಚ್ಚಬೇಡಿ ಅಂತ ಇಷ್ಟು ಹೇಳುವುದು.

ಈ ಒಂದು ವಿಷಯ ಗೊತ್ತಿದ್ದರೆ ಫಾರ್ವರ್ಡ್ ನಿಯಮ ಯಾವುದೂ ಬೇಡ. ವಾಕ್ಯದಲ್ಲಿ ಲೀವ್ ಇರುವ ಜಾಗಕ್ಕೆ 'ಅನುಮತಿ' ಅಥವಾ 'ರಜೆ' ಕೂರುತ್ತದಾ ನೋಡಿ. ಕೂತರೆ ನೌನ್. 'ಬಿಡು', 'ಹೊರಡು' ಕೂತರೆ ವರ್ಬ್.

ವಕೀಲ, ಬಳ್ಳಾರಿ: ಸುಪ್ರೀಂ ಕೋರ್ಟಿನ ಸ್ಪೆಷಲ್ ಲೀವ್ ಪಿಟಿಷನ್ ಕೂಡ ಇದೇ. ಸಂವಿಧಾನದ 136ನೇ ವಿಧಿ. ಮೇಲ್ಮನವಿಗೆ ವಿಶೇಷ ಅನುಮತಿ ಕೇಳುವ ಅರ್ಜಿ. ನಮ್ಮ ಕಕ್ಷಿದಾರರೊಬ್ಬರು ಅದನ್ನು ವಿಶೇಷ ರಜೆ ಅಂದುಕೊಂಡಿದ್ದರು.

ಉಪನ್ಯಾಸಕಿ: ಒಳ್ಳೆಯ ಉದಾಹರಣೆ ಸರ್. ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಸರ್ಕಾರಿ ನೌಕರ, ರಾಯಚೂರು: ಲೀವ್ ಬಗ್ಗೆ ಮಾತು ಬಂತು ಅಂತ ಕೇಳುತ್ತೇನೆ. ಸಿಎಲ್, ಅಂದರೆ ಕ್ಯಾಷುವಲ್ ಲೀವ್, ಈಗ ಎಷ್ಟು ದಿನ?

ಶಿಕ್ಷಕ, ಸಿಂಧನೂರು: 15.

ಸರ್ಕಾರಿ ನೌಕರ, ಕೊಪ್ಪಳ: 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ 15ರಿಂದ 10ಕ್ಕೆ ಇಳಿಸಿದರಲ್ಲ.

ಶಿಕ್ಷಕ, ಸಿಂಧನೂರು: ನಮಗೆ ನಾಲ್ಕನೇ ಶನಿವಾರ ರಜೆ ಎಲ್ಲಿದೆ? ನೀವು ಆಫೀಸಿನವರು ಮನೆಯಲ್ಲಿ ಇರ್ತೀರಿ.

ಸರ್ಕಾರಿ ನೌಕರ, ಕೊಪ್ಪಳ: ದಸರಾ ರಜೆ, ಬೇಸಿಗೆ ರಜೆ ಯಾರಿಗಿದೆ ಹೇಳಿ ನೋಡೋಣ.

ಅಡ್ಮಿನ್: ಇದು ನೌಕರರ ಸಂಘದ ಗ್ರೂಪ್ ಅಲ್ಲ. ದಯವಿಟ್ಟು.

ನರ್ಸಿಂಗ್ ವಿದ್ಯಾರ್ಥಿನಿ, ರಾಯಚೂರು: ಎಲ್ಲರಿಗೂ ಉಪಯೋಗ ಆಗಲಿ ಅಂತ ಕಳಿಸುತ್ತಿದ್ದೇನೆ. '50 ರೆಡಿಮೇಡ್ ಲೀವ್ ಲೆಟರ್. ಹೆಸರು ಬದಲಿಸಿ, ಕಳಿಸಿ.' ಪಿಡಿಎಫ್ ಇದೆ.

ಉಪನ್ಯಾಸಕಿ: ಇದನ್ನು ಬಳಸಬೇಡಿ. ತೆರೆದು ನೋಡಿದೆ. ಮೊದಲ ಪತ್ರದಲ್ಲೇ 'ಕೈಂಡ್ಲಿ ಲೀವ್ ಮಿ ಫಾರ್ ಒನ್ ವೀಕ್' ಅಂತ ಇದೆ. ಒಂದು ವಾರ ನನ್ನನ್ನು ಬಿಟ್ಟುಬಿಡಿ ಅಂತ ಅರ್ಥ. ರಜೆ ಅನ್ನುವುದು ಎಲ್ಲೂ ಇಲ್ಲ. ಎರಡನೆಯದರಲ್ಲಿ ರಜೆ ಶುರುವಾಗುವ ದಿನ ಇದೆ, ಮುಗಿಯುವ ದಿನ ಇಲ್ಲ. ಮೇಲೆ ತೋರಣಗಲ್ಲಿನವರಿಗೆ ಏನಾಗಿದೆ ಅಂತ ಓದಿದ ಮೇಲೂ ಇದನ್ನು ಹಾಕುತ್ತೀರಾ? ಅಡ್ಮಿನ್, ಅಳಿಸಿ.

ನರ್ಸಿಂಗ್ ವಿದ್ಯಾರ್ಥಿನಿ, ರಾಯಚೂರು: ಒಳ್ಳೆಯದಕ್ಕೆ ಹಾಕಿದೆ ಮೇಡಂ, ಇಷ್ಟು ಬೈಯುವುದು ಯಾಕೆ?

ಗೃಹಿಣಿ, ಕಂಪ್ಲಿ: ಬೈದಿಲ್ಲಮ್ಮ. ಓದಿ ಹಾಕು ಅಂದರು ಅಷ್ಟೇ.

ಗುತ್ತಿಗೆದಾರ, ಹಗರಿಬೊಮ್ಮನಹಳ್ಳಿ: ಲೀವ್ ಫಾರ್ ಟೂ ಡೇಸ್ ಆ, ಲೀವ್ಸ್ ಫಾರ್ ಟೂ ಡೇಸ್ ಆ?

ಉಪನ್ಯಾಸಕಿ: ಮೂರನೇ ಸಲ. ಮೇಲೆ ಓದಿ.

ಫಿಟ್ಟರ್, ತೋರಣಗಲ್ಲು: ಮೇಡಂ, ಬರೆದೆ. ನೋಡಿ. 'ಐ ಡಿಡ್ ನಾಟ್ ರಿಸೈನ್. ಐ ಆಸ್ಕ್ಡ್ ಫಾರ್ ಲೀವ್ ಫಾರ್ ಮೈ ಸಿಸ್ಟರ್ಸ್ ವೆಡ್ಡಿಂಗ್. ಆಫ್ಟರ್ ಮೈ ಲೀವಿಂಗ್ ಐ ಕೇಮ್ ಬ್ಯಾಕ್ ಆನ್ ಫ್ರೈಡೇ.'

ಉಪನ್ಯಾಸಕಿ: 'ಲೀವಿಂಗ್' ಮತ್ತೆ ಬಂತು ನೋಡಿ. ಅದನ್ನು ತೆಗೆಯಿರಿ. 'ಆಫ್ಟರ್ ಮೈ ಲೀವ್' ಅಂತ ಮಾಡಿ. ಕೊನೆಗೆ 'ಪ್ಲೀಸ್ ಲೆಟ್ ಮಿ ರೆಸ್ಯೂಮ್ ವರ್ಕ್' ಬಿಟ್ಟಿದ್ದೀರಿ, ಅದು ಮುಖ್ಯ, ಸೇರಿಸಿ. ಎರಡು ಪ್ರತಿ ತೆಗೆಸಿ. ಒಂದರ ಮೇಲೆ ಅವರ ಸಹಿ, ತಾರೀಖು ಹಾಕಿಸಿಕೊಂಡು ನೀವೇ ಇಟ್ಟುಕೊಳ್ಳಿ. ನಾಳೆ ಒಬ್ಬರೇ ಹೋಗಬೇಡಿ, ಓದಲು ಬರುವವರು ಒಬ್ಬರು ಜೊತೆಗಿರಲಿ. ಕಾಗದ ಏನೇ ಕೊಟ್ಟರೂ ಸಹಿ ಹಾಕುವ ಮುಂಚೆ ಫೋಟೋ ತೆಗೆದು ವಕೀಲರಿಗೂ ನನಗೂ ಕಳಿಸಿ. ಬೆಳಗ್ಗೆ ಫೋನ್ ನೋಡುತ್ತಿರುತ್ತೇನೆ.