ಅಪ್‌ಡೇಟ್: ಲಸಿಕೆ ಆದ ಮೇಲೆ ಮುಟ್ಟು ತಡವಾಗಿತ್ತಲ್ಲ, ಅದರ ಮುಂದಿನ ಕಥೆ

2021ರ ನವೆಂಬರಿನಲ್ಲಿ ಕೇಳಿದ್ದೆ: ಕೋವಿಡ್ ಲಸಿಕೆ ಕೋವಿಶೀಲ್ಡ್‌ನ ಎರಡನೇ ಡೋಸ್ ಆಗಿದೆ, ಮುಟ್ಟು ಒಂಬತ್ತು ದಿನ ತಡವಾಗಿದೆ, ಮುಂದೆ ಮಗು ಆಗೋದಕ್ಕೆ ತೊಂದರೆ ಇದೆಯಾ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಹತ್ತನೇ ದಿನ ಮುಟ್ಟು ಬಂತು. ಸ್ರಾವ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ. ಮುಂದಿನ ತಿಂಗಳು 29ನೇ ದಿನಕ್ಕೆ ಸರಿಯಾಗಿ ಹಾಜರ್. ಡಾಕ್ಟರು ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿದ್ದರು, ಆಮೇಲೆ ಥೈರಾಯ್ಡ್. ಎರಡರಲ್ಲೂ ಏನೂ ಇಲ್ಲ. "ನಿದ್ದೆ ಹೇಗಿದೆ?" ಅಂತ ಕೇಳಿದಾಗ ಮಾತ್ರ ಸಿಕ್ಕಿಬಿದ್ದೆ.

2022ರ ಜನವರಿಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಆ್ಯಪ್‌ನಲ್ಲಿ ಮುಟ್ಟಿನ ಲೆಕ್ಕ ಇಟ್ಟ ಸುಮಾರು 4,000 ಹೆಂಗಸರನ್ನು ನೋಡಿದ್ದಾರೆ. ಲಸಿಕೆಯಿಂದ ಮುಟ್ಟು ತಡವಾಗಿದ್ದು ಸರಾಸರಿ ಒಂದು ದಿನಕ್ಕಿಂತಲೂ ಕಡಿಮೆ. ಸ್ರಾವದ ದಿನಗಳು ಹೆಚ್ಚಿಲ್ಲ. ಒಂದೇ ಮುಟ್ಟಿನ ಚಕ್ರದಲ್ಲಿ ಎರಡೂ ಡೋಸ್ ತಗೊಂಡವರಿಗೆ ಸುಮಾರು ಎರಡು ದಿನ. ನಮ್ಮ ಕೋವಿಶೀಲ್ಡ್‌ಗೆ 84 ದಿನ ಅಂತರ ಇದ್ದದ್ದರಿಂದ ಆ ಮಾತೇ ಬರಲಿಲ್ಲ. ಅಲ್ಲಿನವರು ತಗೊಂಡಿದ್ದು ಹೆಚ್ಚಾಗಿ ಫೈಜರ್, ಮಾಡರ್ನಾ ಅನ್ನೋದೂ ನೆನಪಿರಲಿ. ಸರಾಸರಿ ಲೆಕ್ಕದಲ್ಲಿ ನನ್ನ ಒಂಬತ್ತು ದಿನ ಎಲ್ಲಿ ಮುಳುಗಿಹೋಯಿತೋ! ಲಸಿಕೆ ತಗೊಳ್ಳದ ಕೆಲವರಿಗೂ ಎಂಟು ದಿನ ಅಥವಾ ಅದಕ್ಕಿಂತ ಜಾಸ್ತಿ ಏರುಪೇರಾಗಿತ್ತಂತೆ. ಹಾಗಾಗಿ ನನ್ನದು ಲಸಿಕೆಯದೋ, ನಿದ್ದೆಗೆಟ್ಟದ್ದೋ, ಹೇಳೋಕಾಗಲ್ಲ.

ಮುಟ್ಟಿನ ಹಿಂದೆಮುಂದೆ ಐದು ದಿನ ಲಸಿಕೆ ಬೇಡ ಅನ್ನೋ ವಾಟ್ಸಾಪ್ ಸುದ್ದಿ ಅತ್ತೆಗೆ ಆಗಲೂ ಬರ್ತಾ ಇತ್ತು. ಸರ್ಕಾರ ಅದನ್ನು 2021ರ ಏಪ್ರಿಲ್‌ನಲ್ಲೇ ಸುಳ್ಳು ಅಂದಿತ್ತು. ಗರ್ಭಿಣಿಯರಿಗೂ ಆ ವರ್ಷದ ಜುಲೈನಲ್ಲೇ ಒಪ್ಪಿಗೆ ಸಿಕ್ಕಿತ್ತು. ನನ್ನ ನಾದಿನಿ ಐದನೇ ತಿಂಗಳಲ್ಲಿ ಹಾಕಿಸಿಕೊಂಡಳು, ಒಂದು ದಿನ ಕೈನೋವು ಬಿಟ್ಟರೆ ಆರಾಮಾಗಿದ್ದಾಳೆ.