ಸಣ್ಣ ಬ್ರ್ಯಾಂಡಿನ ಅಂಗಿ: ಕೊಂಡವರ ಅನುಭವ ತಿಳಿಸಿ

ಪ್ರಶ್ನೆ (ಮಂಡ್ಯ): ಮೈಸೂರಿನಲ್ಲಿ ಇಬ್ಬರು ಸ್ನೇಹಿತರು ಸೇರಿ ನಡೆಸುತ್ತಿರುವ ಗಂಡಸರ ಉಡುಪಿನ ಸಣ್ಣ ಬ್ರ್ಯಾಂಡೊಂದು ಇತ್ತೀಚೆಗೆ ಕಣ್ಣಿಗೆ ಬಿತ್ತು. ಅಂಗಡಿಯಿಲ್ಲ, ಮನೆಯ ಮಹಡಿಯಲ್ಲೇ ವ್ಯಾಪಾರ. ಕೈಮಗ್ಗದ ಹತ್ತಿ ಅಂಗಿಗೆ 1,900 ರೂಪಾಯಿ ಹೇಳುತ್ತಾರೆ. ಇಂಥವರಲ್ಲಿ ಕೊಂಡವರು ದಯವಿಟ್ಟು ತಿಳಿಸಿ.

ಕುವೆಂಪುನಗರದಿಂದ: ಸರ್, ಮೂರು ವರ್ಷಗಳಿಂದ ನಾನು ಇಂಥದೇ ಒಂದು ಸಣ್ಣ ಬ್ರ್ಯಾಂಡಿನ ಅಂಗಿ ತೊಡುತ್ತಿದ್ದೇನೆ. ಅದರ ವಿಷಯ ನನಗೆ ತಿಳಿದದ್ದು ಜಾಹೀರಾತಿನಿಂದಲ್ಲ, ನನಗೆ ಪ್ಯಾಂಟ್ ಹೊಲಿಯುವ ದರ್ಜಿಯಿಂದ. ಅವರ ಅಂಗಿಗಳು ಕಾಜ ಹಾಕಿಸಲು ತನ್ನ ಬಳಿಗೇ ಬರುತ್ತವೆ ಎನ್ನುತ್ತಾ ಆತ ಒಂದನ್ನು ಉಲ್ಟಾ ಮಾಡಿ ತೋರಿಸಿದರು. ಕಂಕುಳಿನಿಂದ ಕೆಳಗಿನವರೆಗೆ ಬಟ್ಟೆಯ ಕತ್ತರಿಸಿದ ಅಂಚು ಎಲ್ಲಿಯೂ ಕಾಣದಂತೆ ಒಳಮಡಚಿ ಎರಡು ಸಾಲು ಹೊಲಿಗೆ ಹಾಕಿದ್ದರು. ಓವರ್‌ಲಾಕ್ ಹೊಡೆದು, ಅಂದರೆ ಅಂಚಿಗೆ ಯಂತ್ರದಿಂದ ನೂಲು ಸುತ್ತಿಸಿ ಮುಗಿಸುವುದಕ್ಕಿಂತ ಇದಕ್ಕೆ ಹೊತ್ತು ಹೆಚ್ಚು ಹಿಡಿಯುವುದರಿಂದ, ಬೆಲೆಯಲ್ಲಿ ಒಂದಷ್ಟು ಪಾಲು ಅಲ್ಲಿಗೆ ಹೋಗಿದೆಯೆಂದು ನಂಬಬಹುದು. ಆದ್ದರಿಂದ ನೀವೂ ಬಣ್ಣಕ್ಕೆ ಮೊದಲು ಒಳಮೈ ನೋಡಿ. ಕಾಲರನ್ನೂ ಬೆರಳಿನಿಂದ ಹಿಚುಕಿ ನೋಡಿ. ಕಾಲರು ಗಟ್ಟಿಯಾಗಿ ನಿಲ್ಲಲು ಒಳಗಿಡುವ ಕ್ಯಾನ್ವಾಸಿಗೆ ಅಗ್ಗದ ಅಂಟು ಬಳಸಿದ್ದರೆ ನಾಲ್ಕು ಒಗೆತಕ್ಕೆ ಗುಳ್ಳೆ ಏಳುತ್ತದೆ.

ನನಗೆ ಪೆಟ್ಟು ಬಿದ್ದದ್ದು ಅಳತೆಯಲ್ಲಿ. 40 ಎಂದರೆ ಎಲ್ಲರಲ್ಲೂ ಒಂದೇ ಎಂದುಕೊಂಡು ತಂದ ಮೊದಲ ಅಂಗಿ ಎದೆಗೆ ಬಿಗಿಯಾಗಿತ್ತು. ಸಾಲದ್ದಕ್ಕೆ, ಕತ್ತರಿಸುವ ಮುನ್ನ ಬಟ್ಟೆಯನ್ನು ನೀರಿನಲ್ಲಿ ನೆನೆಸಿರಲಿಲ್ಲವಾಗಿ ಒಂದೇ ಒಗೆತಕ್ಕೆ ತೋಳು ಮುಕ್ಕಾಲು ಇಂಚು ಗಿಡ್ಡವಾಯಿತು. ತಕರಾರಿಲ್ಲದೆ ಬದಲಿಸಿ ಕೊಟ್ಟರೆನ್ನಿ. ಈಗ ನನಗೆ ಸರಿಯಾಗಿ ಕೂರುವ ಹಳೆಯ ಅಂಗಿಯನ್ನು ಮೇಜಿನ ಮೇಲೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಅಳೆದು, ಆ ಸಂಖ್ಯೆಯನ್ನೇ ಅವರಿಗೆ ಹೇಳುತ್ತೇನೆ.

ಮೇಲುಕೋಟೆಯಿಂದ: ‘ಕೈಮಗ್ಗ’ ಎಂಬ ಮಾತಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮೂರು ಕೈಮಗ್ಗದ ಪಂಚೆಗೆ ಹೆಸರಾದುದರಿಂದ ಇದನ್ನು ಕೇಳಿ ಕೇಳಿ ರೂಢಿಯಾಗಿದೆ. ಕೈಮಗ್ಗದ ಬಟ್ಟೆಯೆಲ್ಲ ಖಾದಿಯಲ್ಲ. ನೂಲನ್ನೂ ಕೈಯಲ್ಲೇ ತೆಗೆದಿದ್ದರೆ ಖಾದಿ, ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ ಮಾತ್ರ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರ ಬಳಿ ಸ್ವಲ್ಪ ಎಚ್ಚರವಾಗಿರಿ. ಕೈಮಗ್ಗದ ಬಟ್ಟೆಯೆಂದು ತೋರಿಸಲು 2006ರಲ್ಲಿ ಸರ್ಕಾರ ತಂದ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಒಳ್ಳೆಯದೇ, ಇಲ್ಲದಿದ್ದ ಮಾತ್ರಕ್ಕೆ ಸುಳ್ಳೆನ್ನಲಾಗದು. ಬಟ್ಟೆ ಯಾವ ಊರಿನದು, ನೇಯ್ದವರು ಯಾರು ಎಂದು ಕೇಳಿ. ನಿಜವಾಗಿ ಮಗ್ಗದ ಮನೆಗೆ ಹೋಗಿ ಬಂದವರು ಉತ್ತರಕ್ಕೆ ತಡವರಿಸುವುದಿಲ್ಲ.

ನಂಜನಗೂಡಿನಿಂದ: ನಾನು ಒಪ್ಪುವುದಿಲ್ಲ, ಅಣ್ಣ. ಅದೇ ಹಣಕ್ಕೆ ಖಾದಿ ಭಂಡಾರದಲ್ಲಿ ಬಟ್ಟೆ ಕೊಂಡು, ಒಂದು ರಾತ್ರಿ ನೆನೆಸಿ ಒಣಗಿಸಿ, ಅಳತೆಗೊಂದು ಹಳೆಯ ಅಂಗಿ ಕೊಟ್ಟು ಊರಿನ ದರ್ಜಿಯಲ್ಲಿ ಹೊಲಿಸಿದರೆ ಕೂಲಿಯೂ ಸೇರಿ ಹಣ ಮಿಗುತ್ತದೆ. ಹೊಸ ಮಾದರಿಯ ಕಾಲರು, ಜೇಬು ಬೇಕೆಂದರೆ ಮಾತ್ರ ಆ ಹುಡುಗರ ಬಳಿ ಹೋಗಿ. ಹೋದರೂ ಮೊದಲಿಗೆ ಒಂದೇ ಅಂಗಿ ತನ್ನಿ, ನೀಲಿಯದಾದರೆ ಮೊದಲೆರಡು ಸಲ ಬೇರೆಯಾಗಿಯೇ ಒಗೆಯಿರಿ. ನನ್ನ ಮೂರು ಬಿಳಿ ಬನಿಯನ್ನುಗಳು ಈಗಲೂ ತಿಳಿನೀಲಿಯಾಗಿಯೇ ಇವೆ.