ಟ್ಯಾಂಕ್ ತುಂಬಿದ್ರೂ ಆರ್‌ಓ ವೇಸ್ಟ್ ಪೈಪಿನ ನೀರು ನಿಲ್ಲವಲ್ದು, ಎಸ್‌ವಿ ಹೊಸಾದು ಹಾಕಿಸಿದ್ರೂ ಅಷ್ಟ

ಕುಷ್ಟಗಿ_ಹೊಲಮನಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಬೋರ್ ನೀರು, ಭಾಳ ಸವಳು. ಮೀಟರ್ ಹಚ್ಚಿದ್ರ ಟಿಡಿಎಸ್ (ನೀರಿನ್ಯಾಗ ಕರಗಿದ ಉಪ್ಪಿನಂಶ) 1400ರ ಆಸುಪಾಸು ತೋರಿಸ್ತೈತಿ. ಅಡಿಗಿ ಮನಿ ಗ್ವಾಡಿಗೆ ಆರ್‌ಓ ಹಾಕಿಸೀವಿ, ನೀರು ಮಾಳಿಗಿ ಮ್ಯಾಲಿನ ಸಿಂಟೆಕ್ಸಿನಿಂದ ಬರ್ತೈತಿ.

ಮಷಿನ್ ಟ್ಯಾಂಕ್ ತುಂಬಿ ಮೋಟರ್ ಬಂದ್ ಆದ ಮ್ಯಾಲೂ ವೇಸ್ಟ್ ಪೈಪಿನ್ಯಾಗ ನೀರು ಸಣ್ಣಗ ಹರಿತಾನ ಇರ್ತೈತಿ. ರಾತ್ರಿ ಇಟ್ಟ ಬಕೆಟ್ ಮುಂಜಾನಿ ನೋಡಿದ್ರ ತುಂಬಿ ಚೆಲ್ಲಿರ್ತೈತಿ. ಸರ್ವಿಸ್ ಹುಡುಗ ಬಂದು ಎಸ್‌ವಿ (ಸೊಲೆನಾಯ್ಡ್ ವಾಲ್ವ್, ಮಷಿನ್ನಿಗೆ ನೀರು ಬಿಡೋ-ತಡಿಯೋ ಕರೆಂಟ್ ವಾಲ್ವ್) ಹೊಸಾದು ಹಾಕಿ ಹೋದ. ಎರಡ್ಮೂರು ವಾರ ಚಲೋ ಇತ್ತು, ಮತ್ತ ಶುರುವಾತು. ಈಗ ಉಪ್ಪು ಸೋಸೋ ಮೆಂಬ್ರೇನು, ಪಂಪು, ಎಸ್‌ವಿ ಎಲ್ಲಾ ಬದಲಿಸಬೇಕು, ಇಲ್ಲಂದ್ರ ಹೊಸಾ ಮಷಿನ್ನೇ ತಗೋರಿ ಅಂತಾನ. ಅಷ್ಟು ರೊಕ್ಕ ಈಗ ಕೈಯಾಗಿಲ್ಲ.

ಇನ್ನೊಂದು ಮಾತು. ನೀರು ಸಪ್ಪಗ ಅನಸ್ತೈತಿ ಅಂದಿದ್ದಕ್ಕ ಅವ ಒಳಗಿಂದು ಒಂದು ಸಣ್ಣ ಸ್ಕ್ರೂ ತಿರುವಿದ, ರುಚಿ ಖರೇನ ಬದಲಾತು. ವೇಸ್ಟ್ ನೀರು ನಮ್ಮ ಅತ್ತಿಯವರು ಎಮ್ಮಿಗೆ ಇಡ್ತಾರ. ಇದು ನಡೀತೈತೇನ್ರಿ?

ಕೌಲ್‌ಬಜಾರ್_ಬಳ್ಳಾರಿ:

ಮೇಡಂ, ನಮ್ಮನೇಲೂ ಇದೇ ತೊಂದ್ರೆ ಇತ್ತು. ವೇಸ್ಟ್ ಪೈಪಿನ ತುದಿಗೆ ಒಂದು ಸಣ್ಣ ಕಾಕ್ ಹಾಕ್ಸಿ, ಮುಕ್ಕಾಲು ಭಾಗ ಬಂದ್ ಮಾಡಿ. ನೀರೂ ಉಳಿಯುತ್ತೆ, ಕಾಕ್‌ಗೆ ಖರ್ಚೂ ಜಾಸ್ತಿ ಇಲ್ಲ. ನಾವು ಹಂಗೇ ಮಾಡ್ಕೊಂಡಿದೀವಿ.

ಸಿಂಧನೂರು_ವಾಟರ್:

ಅಕ್ಕಾರ, ಹೊಸಾ ಮಷಿನ್ ತಗೋಬ್ಯಾಡ್ರಿ, ತಡೀರಿ. ನಾನು ಸಿಂಧನೂರಾಗ ಇದೇ ಕೆಲಸ ಮಾಡ್ತೀನಿ. ನೀವು ಹೇಳಿದ್ದು ಓದಿದ್ರ ಮೆಂಬ್ರೇನಿಗೂ ಪಂಪಿಗೂ ಇದಕ್ಕೂ ಸಂಬಂಧ ಕಾಣ್ಸಲ್ಲ.

ಮೊದಲು ಬಳ್ಳಾರಿ ಅಣ್ಣಾರಿಗೆ ಒಂದು ಮಾತು. ಆ ಕಾಕ್ ಇವತ್ತೇ ತೆಗೀರಿ. ಮೆಂಬ್ರೇನಿನ ಮ್ಯಾಲ ನಿಂತ ಉಪ್ಪನ್ನ ತೊಳಕೊಂಡು ಹೋಗೋದೇ ಆ ವೇಸ್ಟ್ ನೀರು. ಅದಕ್ಕ ದಾರಿ ಕಟ್ಟಿದ್ರ ಸುಣ್ಣ ಅಲ್ಲೇ ಕೂಡ್ತದ, ಮೆಂಬ್ರೇನ್ ಬೇಗ ಹೋಗ್ತದ. ಎಷ್ಟು ನೀರು ಬಿಡಬೇಕು ಅನ್ನೋದಕ್ಕ ಎಫ್‌ಆರ್ ಅಂತ ಒಂದು ಸಣ್ಣ ಸಾಮಾನು ಆ ಪೈಪಿನಾಗ ಮೊದಲೇ ಅದ. ಅದರ ಮುಂದ ಇನ್ನೊಂದು ತಡೆ ಹಾಕಬಾರದು.

ಈಗ ಅಕ್ಕಾರ, ನಿಮ್ದು. ಮೋಟರ್ ಬಂದ್ ಆದ ಮ್ಯಾಲೂ ಹರೀತದ ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಅದ. ಟ್ಯಾಂಕ್ ತುಂಬಿದ್ರೂ ಮೋಟರ್ ಗುಂಯ್ ಅಂತಾನೇ ಇದ್ದಿದ್ರ, ಟ್ಯಾಂಕ್ ತುಂಬಿದಾಗ ಮೋಟರ್ ಬಂದ್ ಮಾಡೋ ಫ್ಲೋಟ್ ಸಿಕ್ಕೊಂಡದ ಅಂತಿದ್ದೆ. ಮೋಟರ್ ಸುಮ್ಮನಾದ್ರೂ ನೀರು ಬರ್ತದ ಅಂದ್ರ ಎಸ್‌ವಿ ಮುಚ್ಚವಲ್ದು. ಖಾತ್ರಿಗೆ ಒಂದು ಕೆಲಸ ಮಾಡ್ರಿ, ಮಷಿನ್ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ವೇಸ್ಟ್ ಪೈಪ್ ನೋಡ್ರಿ. ಹರಿಯೋದು ನಿಂತ್ರ ಎಸ್‌ವಿಗೆ ಇನ್ನೂ ಕರೆಂಟ್ ಹೋಗಲಿಕ್ಕತ್ತದ, ತಪ್ಪು ವೈರಿಂಗಿನಾಗ ಅದ. ನಿಲ್ಲಲಿಲ್ಲಂದ್ರ ಎಸ್‌ವಿ ಒಳಗೇ ತೊಂದ್ರಿ ಅದ.

ಬರೇ ಸಾಮಾನು ಬದಲಿಸಿದ್ರ ಯಾಕ ಮತ್ತ ಬರ್ತದ ಅನ್ನೋದು ತಿಳೀಬೇಕು. ಕರೆಂಟ್ ಇದ್ದಾಗ ಎಸ್‌ವಿ ತೆರೀತದ, ಹೋದಾಗ ಸ್ಪ್ರಿಂಗ್ ಒಂದು ಸಣ್ಣ ಕಬ್ಬಿಣದ ಮೊಳೆಯಂಥ ಪ್ಲಂಜರನ್ನ ತೆಳಗ ಒತ್ತತದ. ಆದ್ರ ಬಿಗಿ ಹಿಡಿಯೋದು ಸ್ಪ್ರಿಂಗ್ ಅಲ್ಲ, ಬರೋ ನೀರಿನ ಒತ್ತಡಾನೇ. ಒಳಗ ರಬ್ಬರಿನ ಡಯಾಫ್ರಾಮ್ ಅದ, ಅದರಾಗ ಕಣ್ಣಿಗೆ ಕಷ್ಟಪಟ್ಟು ಕಾಣೋ ತೂತು ಅದ. ಆ ತೂತಿನಿಂದ ನೀರು ಮ್ಯಾಲಿನ ಕಡಿ ಹೋಗಿ ರಬ್ಬರನ್ನ ತೆಳಗ ಅದುಮಿ ಹಿಡೀತದ. ಆ ತೂತು ಸುಣ್ಣದಿಂದ ಮುಚ್ಚಿದ್ರ, ರಬ್ಬರ್ ಕೂಡೋ ಜಾಗದಾಗ ಒಂದು ಉಸುಕಿನ ಕಾಳು ಸಿಕ್ಕಿದ್ರ, ಇಲ್ಲಾ ಒತ್ತಡಾನೇ ಕಡಿಮಿ ಇದ್ರ ಪೂರಾ ಮುಚ್ಚಲ್ಲ.

ಒತ್ತಡದ ಮಾತು ಯಾರೂ ಹೇಳಲ್ಲ, ನಮ್ಮ ಕಡಿ ಅದೇ ದೊಡ್ಡ ಕಾರಣ. 10 ಅಡಿ ಎತ್ತರದ ನೀರಿಗೆ ಸಿಗೋ ಒತ್ತಡ ಚದರ ಸೆಂಟಿಮೀಟರಿಗೆ 0.3 ಕೆ.ಜಿ. ಅಷ್ಟೇ. ಇಂಥಾ ಭಾಳ ಎಸ್‌ವಿಗಳಿಗೆ 0.2 ಆದ್ರೂ ಬೇಕು. ಒಂದೇ ಅಂತಸ್ತಿನ ಮನಿ, ಸಿಂಟೆಕ್ಸ್ ನೇರ ಮಾಳಿಗಿ ಮ್ಯಾಲ ಕೂತದ, ಆರ್‌ಓ ಗ್ವಾಡಿಗೆ ತಲಿ ಎತ್ತರಕ್ಕ ಅದ ಅಂದ್ರ ನಡುವ ನಾಲ್ಕೈದು ಅಡಿ ಉಳೀತದ. ಹೊಸಾ ರಬ್ಬರ್ ಮೆತ್ತಗಿರ್ತದ, ಹಂಗಾಗಿ ಒಂದಷ್ಟು ದಿನ ಸಂಬಾಳಿಸ್ತದ. ಸಿಂಟೆಕ್ಸಿಗೆ ಕಟ್ಟಿ ಕಟ್ಟಿಸಿ ಎತ್ತರ ಮಾಡ್ರಿ, ಇಲ್ಲಾ ಮಷಿನ್ ತೆಳಗಿಳಿಸ್ರಿ. ಒತ್ತಡ ಕಡಿಮಿನೇ ಇದ್ರ, ಇಂಥದೇ ಎಸ್‌ವಿ ಎಷ್ಟು ಬದಲಿಸಿದ್ರೂ ತೊಂದ್ರಿ ಮತ್ತ ಬರ್ತದ.

ಆಮ್ಯಾಲ ಎಸ್‌ವಿ ಎಲ್ಲಿ ಕೂತದ ನೋಡ್ರಿ. ಕ್ಯಾಂಡಲ್ (ಉಸುಕು ತಡಿಯೋ ಮೊದಲನೇ ಫಿಲ್ಟರ್) ದಾಟಿ ಬಂದ ನೀರು ಅದಕ್ಕ ಹೋಗಬೇಕು. ಕ್ಯಾಂಡಲ್‌ಗಿಂತ ಮೊದಲೇ ಹಾಕಿದ್ರ ಬೋರಿನ ಉಸುಕೆಲ್ಲಾ ನೇರ ಅದರೊಳಗ. ಮೈಮ್ಯಾಲ ಬಾಣದ ಗುರುತು ಇರ್ತದ, ನೀರು ಹೋಗೋ ದಿಕ್ಕಿಗೇ ಇರಬೇಕು. ಉಲ್ಟಾ ಇದ್ರ ಜನ್ಮದಾಗ ಮುಚ್ಚಲ್ಲ.

ತೊಳಿಯೋದು ಮನ್ಯಾಗೇ ಆಗ್ತದ. ಇನ್‌ಲೆಟ್ ಕಾಕ್ ಬಂದ್ ಮಾಡ್ರಿ, ಪ್ಲಗ್ ಕೀಳ್ರಿ, ತೆಳಗೊಂದು ತಾಟು ಹಿಡೀರಿ, ಯಾಕಂದ್ರ ಸ್ಪ್ರಿಂಗ್ ಹಾರಿ ಬಿದ್ರ ಸಿಗಲ್ಲ. ಸ್ಕ್ರೂ ಬಿಚ್ಚಿ ರಬ್ಬರ್, ಪ್ಲಂಜರ್ ತೆಗೆದು, ಒಂದು ಗ್ಲಾಸ್ ಬೆಚ್ಚನ ನೀರಿಗೆ ಒಂದು ಚಮಚ ನಿಂಬಿ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ತಾಸು ನೆನಸ್ರಿ. ಹಳೇ ಬ್ರಷ್ಷಿನಿಂದ ಹಗುರ ತಿಕ್ಕ್ರಿ. ಸೂಜಿ ಮಾತ್ರ ಹಾಕಬ್ಯಾಡ್ರಿ. ಆ ತೂತು ದೊಡ್ಡದಾದ್ರ ಎಸ್‌ವಿ ಮುಂದ ತೆರೆಯೋದೇ ಇಲ್ಲ. ತಿರುಗಿ ಪೈಪ್ ಹಾಕುವಾಗ ತುದಿ ಬ್ಲೇಡಿನಿಂದ ನೆಟ್ಟಗ ಕೊಯ್ದು, ಒಳಗ ತಡಿಯೋ ಮಟ ಒತ್ತಿ, ಒಮ್ಮೆ ಎಳೆದು ನೋಡ್ರಿ.

ಇನ್ನ ಆ ರುಚಿ ಸ್ಕ್ರೂ. ನನಗ ಎಲ್ಲಾದಕ್ಕಿಂತ ಅದರದೇ ಚಿಂತಿ. ಅದು ಮಿಕ್ಸರ್ ವಾಲ್ವ್. ಮೆಂಬ್ರೇನ್ ದಾಟದ ಬೋರ್ ನೀರನ್ನ ಶುದ್ಧ ನೀರಿಗೆ ಕೂಡಿಸ್ತದ. ಕುಷ್ಟಗಿ, ಯಲಬುರ್ಗಾ ಕಡಿ ಬೋರ್ ನೀರಿನಾಗ ಫ್ಲೋರೈಡ್ ಅದ ಅನ್ನೋದು ನಿಮಗ ಗೊತ್ತೇ ಅದ. ಅದನ್ನ ತೆಗೀಲಿಕ್ಕೇ ನೀವು ಆರ್‌ಓ ಹಾಕ್ಸೀರಿ, ಆ ಸ್ಕ್ರೂ ಅದನ್ನ ಹಿಂಬಾಗಿಲಿನಿಂದ ತರ್ತದ. ನಿಮ್ಮ 1400 ಟಿಡಿಎಸ್ ನೀರು ಕೂಡಿ ಕುಡಿಯೋ ನೀರು 500ಕ್ಕ ಬಂದದ ಅಂದ್ರ, ಗ್ಲಾಸಿನ ಸುಮಾರು ಮೂರನೇ ಒಂದು ಪಾಲು ಬೋರ್ ನೀರೇ ಅದ. ಬೋರಿನಾಗ ಲೀಟರಿಗೆ 4 ಮಿ.ಗ್ರಾಂ ಫ್ಲೋರೈಡ್ ಇತ್ತಂದ್ರ, ಅಷ್ಟರಿಂದಲೇ 1.3 ಆಗ್ತದ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ 1 ಮಿ.ಗ್ರಾಂ ಒಳಗಿರಬೇಕು, ಬ್ಯಾರೇ ನೀರೇ ಇಲ್ಲದ ಕಡಿ 1.5 ತನಕ. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸಲ್ಲ, ಯುವಿ ಲೈಟ್ ಅದನ್ನ ತೆಗಿಯಲ್ಲ. ಮನ್ಯಾಗ ಸಣ್ಣ ಮಕ್ಕಳಿದ್ರ ಹಲ್ಲು ಕಂದುಗಟ್ಟೋದು ಹಿಂಗೇ. ಸ್ಕ್ರೂ ಪೂರಾ ಬಂದ್ ಮಾಡ್ರಿ. ಸಪ್ಪ ರುಚಿ ಸ್ವಲ್ಪ ದಿನಕ್ಕ ರೂಢಿ ಆಗ್ತದ.

ಎಮ್ಮಿಗೂ ಬ್ಯಾಡ್ರಿ. ಮೆಂಬ್ರೇನ್ ತಡೆದ ಫ್ಲೋರೈಡೆಲ್ಲಾ ವೇಸ್ಟ್ ನೀರಿನಾಗೇ ಹೋಗ್ತದ, ಬೋರ್ ನೀರಿಗಿಂತ ಅದು ಗಡುಸು. ದನದ ಹಲ್ಲಿಗೂ ಎಲುಬಿಗೂ ಅದು ಕೆಡಕು. ಅತ್ತಿಯವರಿಗೆ ಇದೇ ಹೇಳ್ರಿ, ಎಮ್ಮಿ ಅಂದ್ರ ಅವರು ಕೇಳ್ತಾರ. ನೆಲ ಒರಸಾಕ, ಪಾಯಖಾನಿಗೆ ಬಳಸ್ರಿ.

ಕುಷ್ಟಗಿ_ಹೊಲಮನಿ:

ಅಣ್ಣಾರ, ಪ್ಲಗ್ ಕಿತ್ತು ನೋಡಿದ್ವಿ, ಹರಿಯೋದು ನಿಲ್ಲಲಿಲ್ಲ. ನಮ್ಮ ಮನಿಯವರು ಬಿಚ್ಚಿದ್ರ ಎಸ್‌ವಿ ಕ್ಯಾಂಡಲ್‌ಗಿಂತ ಮೊದಲೇ ಐತಿ, ರಬ್ಬರಿನ ಸುತ್ತ ಕೆಂಪುಸುಕು, ಮ್ಯಾಲ ಬಿಳಿ ಪದರ. ತೊಳೆದು ಹಾಕಿದ ಮ್ಯಾಲ ಹರಿಯೋದು ನಿಂತೈತಿ, ಹನಿ ಹನಿ ಮಾತ್ರ ಬೀಳ್ತೈತಿ. ಸಿಂಟೆಕ್ಸ್ ನೀವು ಹೇಳಿದಂಗ ಮಾಳಿಗಿಗೇ ಕೂತೈತಿ.

ಸ್ಕ್ರೂ ಬಂದ್ ಮಾಡೋಕ್ಕಿಂತ ಮೊದಲು ಕುಡಿಯೋ ನೀರಿನ ಟಿಡಿಎಸ್ 460 ಇತ್ತು, ಈಗ 70. ಎಮ್ಮಿ ಬಾನಿಗೆ ಈಗ ಕೆರಿ ನೀರೇ ತರ್ತೀವಿ.

ಕೌಲ್‌ಬಜಾರ್_ಬಳ್ಳಾರಿ:

ಕಾಕ್ ತೆಗೆದ್ವಿ ಸರ್. ಆದ್ರೂ ವೇಸ್ಟ್ ನೀರು ಭಾಳ ಕಡಿಮೆ ಬರ್ತಾ ಇದೆ. ಎಫ್‌ಆರ್ ಮೇಲೆ 450 ಅಂತ ಇದೆ, ನಿಮಿಷಕ್ಕೆ 150 ಎಂಎಲ್ ಕೂಡ ಇಲ್ಲ. ಏನು ಮಾಡೋದು?

ಸಿಂಧನೂರು_ವಾಟರ್:

ಅಣ್ಣಾ, ಎಫ್‌ಆರ್ ಕಟ್ಟಿಕೊಂಡದ. ಅದನ್ನ ತೊಳೀಬ್ಯಾಡ್ರಿ, ಅದೇ ನಂಬರಿನದು ಹೊಸಾದು ಹಾಕ್ರಿ, ಅಗ್ಗದ ಸಾಮಾನು. ಆಮ್ಯಾಲ ಮೋಟರ್ ನಡೀವಾಗ ಅಳತಿ ಜಾರ್ ಹಿಡಿದು ಒಂದು ನಿಮಿಷ ನೋಡ್ರಿ, 450ರ ಆಸುಪಾಸು ಬರಬೇಕು. ಶುದ್ಧ ನೀರಿನ ಟಿಡಿಎಸ್ ಮೊದಲಿಗಿಂತ ಭಾಳ ಏರಿದ್ರ ಮೆಂಬ್ರೇನಿಗೂ ಪೆಟ್ಟು ಬಿದ್ದದ.

ಅಕ್ಕಾರ, ಎಸ್‌ವಿಯನ್ನ ಕ್ಯಾಂಡಲ್ ಆದ ಮ್ಯಾಲಕ್ಕ ಸರಿಸಿ ಹಾಕಿಸ್ರಿ, ಪೈಪಿನ ಕೆಲಸ ಅಷ್ಟೇ. ಸಿಂಟೆಕ್ಸ್ ಎತ್ತರಕ್ಕ ಇಡೋ ಮಟ ರಾತ್ರಿ ಇನ್‌ಲೆಟ್ ಕಾಕ್ ಬಂದ್ ಮಾಡ್ರಿ, ಹನಿನೂ ನಿಲ್ತದ. ಬ್ಯಾಸಿಗ್ಯಾಗ ಇನ್ನೊಂದು ಲಕ್ಷ್ಯ ಇರಲಿ. ನಮ್ಮ ಕಡಿ ಬಿಸಿಲು 40 ಡಿಗ್ರಿ ದಾಟ್ತದ, ಮಾಳಿಗಿ ಮ್ಯಾಲಿನ ಕರೀ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡತದ. ಮನಿ ಮೆಂಬ್ರೇನುಗಳಿಗೆ ಸಾಮಾನ್ಯವಾಗಿ 45 ಡಿಗ್ರಿ ಮಿತಿ, ನೀರು ಬಿಸಿ ಆದಷ್ಟೂ ಉಪ್ಪು ಹೆಚ್ಚು ದಾಟ್ತದ. ಹೊತ್ತೇರೋಕ್ಕಿಂತ ಮೊದಲೇ ಮಷಿನ್ ನಡೆಸಿ ತುಂಬಿಸಿಕೊಳ್ರಿ.

ಬೋರ್ ನೀರು, ಆರ್‌ಓ ನೀರು ಎರಡೂ ಫ್ಲೋರೈಡ್ ಪರೀಕ್ಷೆಗೆ ಕೊಡ್ರಿ. ಗ್ರಾಮ ಪಂಚಾಯಿತಿಯಾಗ ನೀರು ಪರೀಕ್ಷೆ ಕಿಟ್ ಇರ್ತದ, ಕೇಳ್ರಿ. ಪಕ್ಕಾ ಬೇಕಂದ್ರ ಕೊಪ್ಪಳದ ಜಿಲ್ಲಾ ಪ್ರಯೋಗಾಲಯಕ್ಕ ಕೊಡ್ರಿ. ಗಾಜಿನ ಬಾಟಲಿ ಬ್ಯಾಡ, ಪ್ಲಾಸ್ಟಿಕ್ ಬಾಟಲಿ ಅದೇ ನೀರಿನಿಂದ ತೊಳೆದು ತುಂಬ್ರಿ. ಎರಡರ ಅಂಕಿನೂ ಇಲ್ಲಿ ಹಾಕ್ರಿ, ನೋಡಿ ಹೇಳ್ತೀನಿ.